ಇಂಗ್ಲಿಷ್ ಪೀಠದಿಂದ ಕನ್ನಡದ ವರದಿಯವರೆಗೆ



ಬೆಂಗಳೂರಿನ ಪೂರ್ವದಲ್ಲಿರುವ ದೊಡ್ಡನೆಕ್ಕುಂದಿಯು ಒಂದು ಕಾಲಕ್ಕೆ ಕೆರೆ-ಹೊಲಗಳ ಹಳ್ಳಿ. ಇಂದು ಅದು ಹೊರವರ್ತುಲ ರಸ್ತೆಯ ಮಗ್ಗುಲಿನ ಬಡಾವಣೆ. ಅದರ ಒಂದೊಂದು ಬೀದಿಯಲ್ಲೂ ನಾಲ್ಕಾರು ನುಡಿಗಳು ಕಿವಿಗೆ ಬೀಳುತ್ತವೆ. ಮಗುವನ್ನು ಶಾಲೆಗೆ ಸೇರಿಸುವ ತಂದೆತಾಯಿಗಳ ಮುಂದೆ ಅಲ್ಲಿ ಒಂದೇ ಪ್ರಶ್ನೆ: ಇಂಗ್ಲಿಷೋ, ಕನ್ನಡವೋ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಡಾ. ವಿನಾಯಕ ಕೃಷ್ಣ ಗೋಕಾಕರು. ಆ ಉತ್ತರ ಎಷ್ಟರಮಟ್ಟಿಗೆ ಗಟ್ಟಿಯಾದುದು ಎಂಬುದನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸುವುದು ಉಚಿತ.

1909ರಲ್ಲಿ ಸವಣೂರಿನಲ್ಲಿ ಜನಿಸಿದ ಗೋಕಾಕರು ಧಾರವಾಡದಲ್ಲಿ ಓದಿದರು. ಮುಂದೆ ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದರು. ಪುಣೆ, ಸಾಂಗ್ಲಿ, ವಿಸನಗರ, ಕೊಲ್ಲಾಪುರಗಳಲ್ಲಿ ಬೋಧಿಸಿ ಧಾರವಾಡದ ಕರ್ನಾಟಕ ಕಾಲೇಜಿನ ಪ್ರಾಂಶುಪಾಲರಾದರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕ ಸ್ಥಾನದಿಂದ 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಪೀಠಕ್ಕೆ ಬಂದರು. ಆ ವಿಶ್ವವಿದ್ಯಾಲಯಕ್ಕೆ ಆಗಿನ್ನೂ ಎರಡು ವರ್ಷದ ಪ್ರಾಯ.

ಆಡಳಿತವು ಕವಿಯನ್ನು ನುಂಗಿತೆಂದು ಹೇಳುವವರುಂಟು. ಈ ಮಾತನ್ನು ಪೂರ್ತಿ ಒಪ್ಪಲಾಗದು. ಬೇಂದ್ರೆಯವರ ಒಡನಾಟದಲ್ಲಿ ಬೆಳೆದ 'ವಿನಾಯಕ'ರ ಲೇಖನಿ ಯಾವ ಅಧಿಕಾರದಲ್ಲೂ ನಿಂತದ್ದಿಲ್ಲ. 1960ರಲ್ಲಿ 'ದ್ಯಾವಾ ಪೃಥಿವೀ' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಾಗ ಅವರು ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೇ ಆಗಿದ್ದರು. ವಿಶ್ವಾಮಿತ್ರನನ್ನು ನಾಯಕನನ್ನಾಗಿಸಿದ 'ಭಾರತ ಸಿಂಧು ರಶ್ಮಿ' ಮಹಾಕಾವ್ಯ ಹೊರಬಂದದ್ದು ಎಪ್ಪತ್ತು ದಾಟಿದ ಮೇಲೆ. 1990ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು.

ಆದರೂ ಒಂದು ನ್ಯೂನತೆಯನ್ನು ಮರೆಮಾಚಬಾರದು. ಗೋಕಾಕರ ಮನೋಧರ್ಮ ಸಮನ್ವಯದ್ದು. ಅರವಿಂದರ ದರ್ಶನ ಆ ಒಲವನ್ನು ಬಲಪಡಿಸಿತು. ಪೂರ್ವ-ಪಶ್ಚಿಮ, ವಿಜ್ಞಾನ-ಅಧ್ಯಾತ್ಮ ಎಲ್ಲವನ್ನೂ ಒಂದೇ ಚಪ್ಪರದಡಿ ಕೂಡಿಸುವ ಹಂಬಲ ಅವರದು. ವಿಶ್ವವಿದ್ಯಾಲಯ ನಡೆಸುವವರಿಗೆ ಇದು ಗುಣ. ಕಾವ್ಯಕ್ಕೆ ಎಷ್ಟೋ ವೇಳೆ ಭಾರ. ಘರ್ಷಣೆ ಮಾಗುವ ಮುನ್ನವೇ ಸಾಮರಸ್ಯ ಬಂದುಬಿಡುತ್ತದೆ. 'ನವ್ಯ ಕವಿತೆಗಳು' ಸಂಕಲನದಿಂದ ಹೊಸ ಮಾರ್ಗಕ್ಕೆ ಹೆಸರಿತ್ತವರು ಅವರು. ಆ ಮಾರ್ಗದ ಒಳಕುದಿಯನ್ನು ನುಡಿಗಿಳಿಸಿದವರು ಗೋಪಾಲಕೃಷ್ಣ ಅಡಿಗರು.

ಎಲ್ಲರನ್ನೂ ಒಪ್ಪಿಸಬಯಸುವ ಇಂಥವರು ಒಮ್ಮೆ ನಿಷ್ಠುರವಾದ ನಿಲುವು ತಳೆದರೆಂಬುದೇ ಇಲ್ಲಿ ಗಮನಾರ್ಹ. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು, ಕನ್ನಡ ಕಲಿಯದೆಯೇ ಪ್ರೌಢಶಾಲೆ ಮುಗಿಸಲು ಅಂದು ಅವಕಾಶವಿತ್ತು. 1980ರಲ್ಲಿ ಸರ್ಕಾರ ನೇಮಿಸಿದ ಸಮಿತಿಗೆ ಗೋಕಾಕರು ಅಧ್ಯಕ್ಷರು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕೆಂದು 1981ರ ವರದಿ ಸಾರಿತು. ಸರ್ಕಾರ ಮೀನಮೇಷ ಎಣಿಸಿದಾಗ 1982ರಲ್ಲಿ ನಾಡೇ ಎದ್ದು ನಿಂತಿತು, ಡಾ. ರಾಜಕುಮಾರ್ ಬೀದಿಗಿಳಿದರು.

ಇಲ್ಲೊಂದು ಸೂಕ್ಷ್ಮವನ್ನು ಓದುಗರು ಅರಿಯಬೇಕು. ವರದಿಯ ತಿರುಳು ಭಾಷೆಯ ಕಲಿಕೆ, ಇಂಗ್ಲಿಷಿನ ಬಹಿಷ್ಕಾರವಲ್ಲ. ಬಾಳೆಲ್ಲ ಇಂಗ್ಲಿಷ್ ಬೋಧಿಸಿದವರು ಅಂಥದ್ದನ್ನು ಹೇಳುವುದೂ ಸಾಧ್ಯವಿರಲಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು ಮಾಧ್ಯಮದ ಮಾತು. ಈ ಎರಡನ್ನೂ ಬೆರೆಸಿ, ಎಲ್ಲವೂ ಮುಗಿಯಿತೆಂದು ಕೈಚೆಲ್ಲುವುದು ಸಲ್ಲದು. ಯಾವ ಮಾಧ್ಯಮದಲ್ಲಿ ಓದಿದರೂ ಮಗುವಿಗೆ ಕನ್ನಡವನ್ನು ಚೆನ್ನಾಗಿ ಕಲಿಸಲು ಯಾವ ತೀರ್ಪೂ ಅಡ್ಡಬಂದಿಲ್ಲ. ಅಡ್ಡಬಂದಿರುವುದು ನಮ್ಮ ಔದಾಸೀನ್ಯ.

ಗೋಕಾಕರು 1992ರಲ್ಲಿ ತೀರಿಕೊಂಡರು. ಅವರ ಕಾವ್ಯದ ತೂಕದ ಬಗೆಗೆ ವಿಮರ್ಶಕರು ವಾದಿಸುತ್ತಲೇ ಇರಲಿ. ಕಲಿತ ಇಂಗ್ಲಿಷು ಮನೆಮಾತಿನ ಮೇಲೆ ಯಜಮಾನಿಕೆ ನಡೆಸದೆ, ಅದರ ಸೇವೆಗೆ ನಿಲ್ಲಬಲ್ಲುದೆಂಬುದನ್ನು ಅವರ ಬಾಳು ತೋರಿದೆ. ಮಠದ ಪ್ರಸಾದನಿಲಯದ ದೀಪದಡಿ ಓದಿ, ಇಂಗ್ಲಿಷಿನ ಬಲದಿಂದ ಹುದ್ದೆ ಪಡೆದ ಹಳೆಯ ವಿದ್ಯಾರ್ಥಿ ಬಂಧುಗಳು ಈ ಮಾತನ್ನು ತಮಗೇ ಅನ್ವಯಿಸಿಕೊಂಡು ನೋಡಲಿ. ಇಂದು ಮನೆಯಲ್ಲಿ ಮೊಮ್ಮಗುವಿಗೆ ಕನ್ನಡ ಅಕ್ಷರ ತಿದ್ದಿಸುತ್ತಿರುವವರು ಯಾರು?