ಬಲ್ಬಿನ ಮೇಲಿನ ಧೂಳು, ಶೀಶೆಯೊಳಗಿನ ಮಣ್ಣು

ಕಳೆದ ಭಾನುವಾರ ಬೆಳಿಗ್ಗೆ ನನ್ನ ಎಡ ಮಣಿಕಟ್ಟಿನ ಮೇಲೆ ಬಿಸಿ ಬಲ್ಬಿಗೆ ಅಂಟಿದ ಧೂಳು, ಬಲ ಮಣಿಕಟ್ಟಿನ ಮೇಲೆ ಕನೌಜಿನ ಮಣ್ಣು. ಎರಡೂ ಶೀಶೆಯಿಂದ ಬಂದವು. ಎರಡಕ್ಕೂ ದುಡ್ಡು ಕೊಟ್ಟವನು ನಾನೇ. ದಸರೆಗೆಂದು ಪುತ್ತೂರಿನಿಂದ ಬಂದಿರುವ ಅಮ್ಮ ಅಡುಗೆಮನೆಯಿಂದ ಇಣುಕಿ, "ಎಂತ, ಮಿಕ್ಸಿ ಸುಟ್ಟು ಹೋಯ್ತಾ?" ಅಂದಳು. ಎಡಗೈಯನ್ನು ಅವಳ ಮೂಗಿನ ಹತ್ತಿರ ಹಿಡಿದೆ. "ಹ್ಞಾಂ, ಇದೇ. ಚಟ್ನಿಗೆ ನೀರು ಹಾಕದೆ ಗಟ್ಟಿ ತಿರುಗಿಸಿದರೆ ಬರ್ತದಲ್ಲಾ, ಅದು. ಇದಕ್ಕೂ ದುಡ್ಡು ಕೊಡ್ತಾರಾ ಮಾರಾಯ?"

ಎಡಗೈಯ ಆ ಶೀಶೆಗೆ ತಕ್ಕ ಮಾತು ಸಿಗದೆ ನಾನು ಎರಡು ವಾರದಿಂದ ಒದ್ದಾಡುತ್ತಿದ್ದೆ.

ಶೀಶೆಯ ಹೆಸರು ಓದರ್ 71. ಜಪಾನಿನ ವಸ್ತ್ರವಿನ್ಯಾಸಕಿ ರೇ ಕವಾಕುಬೊ ಅವರ ಕಾಮ್ ದೆ ಗಾರ್ಸೋಂ ಸಂಸ್ಥೆ 1998ರಲ್ಲಿ ಓದರ್ 53 ತಂದಿತು, ಎರಡು ವರ್ಷ ಬಿಟ್ಟು 71. ಒಳಗೇನಿದೆ ಎಂದು ಅವರು ಕೊಟ್ಟ ಪಟ್ಟಿ ಸೆಂಟಿನದ್ದೋ ಎಲೆಕ್ಟ್ರಿಕಲ್ ಅಂಗಡಿಯದ್ದೋ ಹೇಳುವುದು ಕಷ್ಟ: ಬಿಸಿ ಬಲ್ಬಿನ ಮೇಲಿನ ಧೂಳು, ಜೆರಾಕ್ಸ್ ಯಂತ್ರದ ಟೋನರು, ಕಾದ ಲೋಹ, ಟೋಸ್ಟರು, ಪೆನ್ನಿನ ಶಾಯಿ, ನಾಲಿಗೆಗೆ ತಾಗಿಸಿದ ಬ್ಯಾಟರಿಯ ಉಪ್ಪು. ಅಣ್ಣ 53ರದ್ದು ಇನ್ನೂ ಮುಂದೆ: ಗಾಳಿಗೆ ಒಣಗುವ ಬಟ್ಟೆ, ಉಗುರುಬಣ್ಣ, ಸುಟ್ಟ ರಬ್ಬರು, ಉರಿಯುವ ಬಂಡೆ. ಬಂಡೆಯ ಮಾತು ಬಂದಲ್ಲಿ ನಾನು ಯಾವಾಗಲೂ ನಕ್ಕು ಪುಟ ಮಗುಚುತ್ತಿದ್ದೆ. ಇದನ್ನೆಲ್ಲ ಹಾಕಿ ಬೇಯಿಸಿದ್ದಲ್ಲ ಎನ್ನಿ, ಪ್ರಯೋಗಾಲಯದ ಅಣುಗಳನ್ನು ಬೆರೆಸಿ ಅಂಥ ಭಾಸ ಕಟ್ಟಿದ್ದು. 71 ಮೈಗೆ ಹತ್ತಿದ ಮೊದಲ ಹತ್ತು ನಿಮಿಷ ಹಸಿ ದಂಟು ಮುರಿದ ತಂಪು. ಆಮೇಲೆ ಮೆಲ್ಲಗೆ ಕಾಯುವ ಧೂಳು, ಕೊನೆಗೆ ಎಲ್ಲೋ ಮೂರನೇ ಮನೆಯ ಊದುಬತ್ತಿ. ಹಿತವಾಗಿದೆಯೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಸಂಜೆಯವರೆಗೆ ಇಪ್ಪತ್ತು ಸಲ ಕೈ ಮೂಸಿಕೊಂಡೆ.

ಇಂಥ ಸೆಂಟುಗಳನ್ನು ವಿಮರ್ಶೆ ಮಾಡುವವರು ಸೋಲುವುದು ಮಾತಿನಲ್ಲಿ. ಒಳ್ಳೆಯ ವಾಸನೆಗೆ ಕನ್ನಡದಲ್ಲಿ ಪರಿಮಳ, ಕಂಪು, ಘಮ ಇವೆ; ಮೂರೂ ಸನ್ಮಾನ ಸಮಾರಂಭದ ಮಾತುಗಳು, ಯಾರ ಕೊರಳಿಗೆ ಹಾಕಿದರೂ ಒಪ್ಪುತ್ತವೆ. ನಮ್ಮ ನಿಜವಾದ ಆಸ್ತಿ ಇರುವುದು ಪರಿಮಳಕ್ಕೂ ನಾತಕ್ಕೂ ನಡುವಿನ ಓಣಿಯಲ್ಲಿ. ಒಗ್ಗರಣೆ ಮೆಣಸಿನದ್ದು ಘಾಟು, ಹಳೆ ಎಣ್ಣೆಯದ್ದು ಕಮಟು, ಮಳೆಗಾಲದ ಕಪಾಟಿನದ್ದು ಮುಗ್ಗಲು, ತಳ ಹಿಡಿದ ಹಾಲಿನದ್ದು ಸೀದ ವಾಸನೆ, ಬೇಯದ ಹಿಟ್ಟಿನದ್ದು ಹಸಿ ವಾಸನೆ. ನನ್ನ ಹೆಂಡತಿಯ ತವರು ಬಸವನಗುಡಿ. ಅವರೆಕಾಯಿ ಕಾಲದಲ್ಲಿ ನಮ್ಮತ್ತೆ ಒಂದು ಕಾಯಿ ಎತ್ತಿ ಮೂಸಿ, "ಸೊಗಡೇ ಇಲ್ಲವಲ್ಲಪ್ಪ" ಎಂದು ಗಾಡಿಯವನನ್ನು ಕಳಿಸಿಬಿಡುತ್ತಾರೆ. ಸೊಗಡು ಸುವಾಸನೆಯೇನಲ್ಲ. ಕೈಗೆ ಹತ್ತಿದರೆ ಸೋಪು ಹಾಕಿದರೂ ಬಿಡುವುದಿಲ್ಲ. ಆದರೆ ಅದಿಲ್ಲದ ಅವರೆಯನ್ನು ಯಾರೂ ಕೊಳ್ಳುವುದಿಲ್ಲ. ಈ ಶಬ್ದವನ್ನು ಸಾಹಿತ್ಯ ವಿಮರ್ಶಕರು ಎತ್ತಿಕೊಂಡು ಹೋಗಿ 'ಗ್ರಾಮೀಣ ಸೊಗಡು' ಎಂದು ಬಳಸಿ ಬಳಸಿ ಸವೆಸಿದ್ದಾರೆ. ಸೆಂಟಿನವರು ವಾಪಸ್ ಕೇಳಬೇಕು.

ಸೆಂಟನ್ನು ಅಡುಗೆಮನೆಯ ಪಕ್ಕದಲ್ಲೇ ಇಟ್ಟು ನೋಡುವುದು ಹೊಸದೇನಲ್ಲ. ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಸುಗಂಧದ ವಿಚಾರ ಬರುವುದು ನೀರಿನ ಸೆಲೆ ಹುಡುಕುವುದು, ಗಿಡಮರ, ಅಡುಗೆ, ದನಕರುಗಳ ಮದ್ದು ಇವುಗಳ ಜತೆಯಲ್ಲೇ. ಆ ಪುಣ್ಯಾತ್ಮನಿಗೆ ಸೆಂಟನ್ನು ಎಲ್ಲಿ ಇಡಬೇಕೆಂದು ಗೊತ್ತಿತ್ತು.

ಸೆಂಟು ಮೂಸಿ ಅಂಕಣ ಬರೆಯುವ ನನ್ನ ಕಸುಬಿಗೆ ದೆಹಲಿಯಲ್ಲಿ ಒಗ್ಗುವುದು ಅಕ್ಟೋಬರ್ ಒಂದೇ. ಮೇ, ಜೂನಿನ ಲೂ ಗಾಳಿಗೆ ಸೆಂಟು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ದೀಪಾವಳಿ ಕಳೆದರೆ ಹೊಗೆ ಇಳಿದು ಇಡೀ ಊರಿಗೆ ಮೂಗು ಕಟ್ಟುತ್ತದೆ. ನಾವಿರುವ ಮಯೂರ್ ವಿಹಾರಕ್ಕೆ ಘಾಜೀಪುರದ ಕಸದ ಗುಡ್ಡ ಬೇರೆ ನೆರೆ. ಪೂರ್ವದ ಗಾಳಿ ಬೀಸಿದ ದಿನ ಅಂಕಣಕ್ಕೆ ರಜೆ. ಇರುವ ನಾಲ್ಕು ವಾರದಲ್ಲೂ ಬೀದಿಬೀದಿಯ ಸಪ್ತಪರ್ಣಿ ಹೂಬಿಟ್ಟು ರಾತ್ರಿಯನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ಕೆಲವರಿಗೆ ಅದು ಚಳಿಗಾಲದ ಮುಂಗಡ ಕಾಗದ, ಕೆಲವರಿಗೆ ಬರೀ ತಲೆನೋವು. ಹಾಗಾಗಿ ನಾನು ಮೂಸುವುದು ಬೆಳಿಗ್ಗೆ, ಕಿಟಕಿ ಮುಚ್ಚಿ, ದಿನಕ್ಕೆ ಎರಡೇ. ಕಾಗದದ ಪಟ್ಟಿಯ ಮೇಲೊಂದು ಹನಿ, ಚರ್ಮದ ಮೇಲೊಂದು ಹನಿ, ಉಜ್ಜುವುದಿಲ್ಲ. ಮೂಗು ಸೋತಾಗ ಮಾಲಿನ ಅಂಗಡಿಯವರು ಕಾಫಿ ಬೀಜದ ಬಟ್ಟಲು ಮುಂದೆ ಹಿಡಿಯುತ್ತಾರೆ. ನಮ್ಮಂಥ ಕಾಫಿ ಜನಕ್ಕೆ ಅದು ವಿಶ್ರಾಂತಿಯಲ್ಲ, ಮೂರನೆಯ ಸೆಂಟು. ನಾನು ನನ್ನ ಅಂಗಿಯ ತೋಳನ್ನೇ ಮೂಸಿ ಸುಧಾರಿಸಿಕೊಳ್ಳುತ್ತೇನೆ.

ಬಲಗೈಯ ಮಣ್ಣು ಬಂದದ್ದು ದರೀಬಾ ಕಲಾಂನಿಂದ. ಮಂಡಿ ಹೌಸಿನಲ್ಲಿ ಮೆಟ್ರೊ ಬದಲಿಸಿ ಲಾಲ್ ಕಿಲಾದಲ್ಲಿ ಇಳಿದು ಚಾಂದನಿ ಚೌಕದ ಕಡೆ ನಡೆದರೆ ಮೊದಲು ಸಿಗುವುದು ಮೂಲೆಯ ಜಿಲೇಬಿ ಬಾಣಲೆಯ ತುಪ್ಪದ ವಾಸನೆ. ಅಲ್ಲಿಂದ ಒಳಗೆ ಹೊಕ್ಕರೆ ಬೆಳ್ಳಿ ಅಂಗಡಿಗಳ ಸಾಲಿನ ನಡುವೆ 1816ರಿಂದ ನಿಂತಿರುವ ಗುಲಾಬ್ ಸಿಂಗ್ ಜೋಹ್ರಿಮಲ್. ದೆಹಲಿಯಲ್ಲಿ ಅತ್ತರು ಋತುವಿಗೆ ತಕ್ಕ ಹಾಗೆ: ಬೇಸಿಗೆಗೆ ಲಾವಂಚ, ಗುಲಾಬಿ, ಮಿಟ್ಟಿ, ಚಳಿಗೆ ಹಿನಾ, ಶಮಾಮಾ. ಅಕ್ಟೋಬರಿನಲ್ಲಿ ಮಿಟ್ಟಿ ಕೇಳುವುದು ಮಳೆ ನಿಂತ ಮೇಲೆ ಕೊಡೆ ಕೊಂಡ ಹಾಗೆ. ಇರಲಿ.

ಮಿಟ್ಟಿ ಅತ್ತರು ಎಂದರೆ ಮಣ್ಣನ್ನು ಭಟ್ಟಿ ಇಳಿಸಿದ್ದು. ಉತ್ತರ ಪ್ರದೇಶದ ಅತ್ತರಿನ ಊರು ಕನೌಜಿನಲ್ಲಿ ಒಂದು ದಿನ ಪೂರ್ತಿ ಕೂತು ನೋಡಿದ್ದೇನೆ. ಸುಟ್ಟ ಮಣ್ಣಿನ ಚೂರುಗಳನ್ನು 'ಡೇಗ್' ಎನ್ನುವ ತಾಮ್ರದ ಹಂಡೆಗೆ ತುಂಬಿ, ನೀರು ಹೊಯ್ದು, ಮುಚ್ಚಳದ ಸಂದಿಗೆ ಮಣ್ಣು, ಹತ್ತಿ ಕಲಸಿ ಮೆತ್ತುತ್ತಾರೆ. ಹಂಡೆಯ ಬಾಯಿಂದ ಹಗ್ಗ ಸುತ್ತಿದ ಬಿದಿರಿನ ಕೊಳವೆ ಹೊರಟು, ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿದ 'ಭಪ್ಕಾ' ಎಂಬ ಗುಂಡು ಪಾತ್ರೆಗೆ ಇಳಿಯುತ್ತದೆ. ಭಪ್ಕಾದ ತಳದಲ್ಲಿ ಗಂಧದೆಣ್ಣೆ. ಮಣ್ಣಿನ ಉಸಿರು ಆವಿಯಾಗಿ ಬಂದು ಅದರಲ್ಲಿ ಅಡಗಿಕೊಳ್ಳುತ್ತದೆ. ಥರ್ಮಾಮೀಟರ್ ಇಲ್ಲ, ಗಡಿಯಾರವಿಲ್ಲ. ಕೆಲಸದಾತ ಆಗಾಗ ತೊಟ್ಟಿಗೆ ಕೈ ಇಳಿಸಿ, ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಭಪ್ಕಾದ ಮೈ ಸವರಿ, ಎಷ್ಟು ಇಳಿದಿದೆ ಎಂದು ಹೇಳುತ್ತಾನೆ. ಕೊನೆಗೆ ಚರ್ಮದ ಕುಪ್ಪಿಗೆ ತುಂಬಿ ಬಿಡುತ್ತಾರೆ. ಉಳಿದ ನೀರಿನ ಪಸೆ ಚರ್ಮದ ಮೂಲಕ ಆರಿಹೋಗುತ್ತದೆ, ಎಣ್ಣೆ ನಿಲ್ಲುತ್ತದೆ.

ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೊದಲ ಮಳೆಯ ವಾಸನೆಗೆ 'ಪೆಟ್ರಿಕೋರ್' ಎಂದು ನಾಮಕರಣ ಮಾಡಿದರು. ಬೇಸಿಗೆಯಲ್ಲಿ ಗಿಡಮರಗಳಿಂದ ಹೊರಟ ಎಣ್ಣೆಯಂಶವನ್ನು ಒಣ ಕಲ್ಲುಮಣ್ಣು ಹೀರಿ ಇಟ್ಟುಕೊಂಡು ತೇವ ತಾಗಿದಾಗ ಬಿಡುತ್ತದೆ ಎಂದು ತೋರಿಸಿದರು. ಉತ್ತರ ಪ್ರದೇಶದಲ್ಲಿ ಇದನ್ನೇ ಅತ್ತರು ಮಾಡಿ ಮಾರುತ್ತಾರೆ ಎಂಬುದನ್ನು ಅವರೇ ದಾಖಲಿಸಿದ್ದಾರೆ. ಹೆಸರಿಡುವ ಹೊತ್ತಿಗೆ ಕೂಸು ಪೇಟೆಯಲ್ಲಿ ದುಡಿಯುತ್ತಿತ್ತು.

ಮಿಟ್ಟಿಯ ತೀರ್ಪು: ಮೊದಲಿಗೆ ಹೊಸ ಮಡಕೆಗೆ ನೀರು ತುಂಬಿದ ತಂಪು. ಅರ್ಧ ಗಂಟೆಗೆ ಮಣ್ಣು ಒಣಗುತ್ತದೆ. ಆಮೇಲೆ ಅಡಿಯಿಂದ ಹಾಲಿನ ಹಾಗೆ ಗಂಧ ಏಳುತ್ತದೆ. ಕನೌಜಿನ ಮಣ್ಣು ಮೈಸೂರಿನ ಎಣ್ಣೆಯಲ್ಲಿ ಕೂರುತ್ತಿದ್ದ ಕಾಲವೊಂದಿತ್ತು. ಗಂಧದೆಣ್ಣೆ ಚಿನ್ನದ ಬೆಲೆಗೆ ಏರಿದ ಮೇಲೆ ಬಹಳಷ್ಟು ಅತ್ತರುಗಳ ಅಡಿಯಲ್ಲಿರುವುದು ವಾಸನೆಯಿಲ್ಲದ ಪ್ಯಾರಾಫಿನ್. ಈ ಹಿಂದೆ ಬೇರೊಂದು ಅಂಗಡಿಯಲ್ಲಿ, ಹೆಸರು ಬೇಡ, ಅಗ್ಗಕ್ಕೆ ಸಿಕ್ಕಿತೆಂದು ಒಂದು ತೊಲ ಮಿಟ್ಟಿ ತಂದಿದ್ದೆ. ಕರವಸ್ತ್ರದ ಮೇಲೆ ಬಜ್ಜಿ ಕಟ್ಟಿದ ಕಾಗದದಂಥ ಕಲೆ, ವಾಸನೆ ಸಾಕ್ಷಾತ್ ಬೀಟ್‌ರೂಟ್. ಮಣ್ಣಿನ ಬ್ಯಾಕ್ಟೀರಿಯ ತಯಾರಿಸುವ ಜಿಯಾಸ್ಮಿನ್ ಎಂಬ ವಸ್ತುವೇ ಬೀಟ್‌ರೂಟಿಗೂ ಆ ವಾಸನೆ ಕೊಡುವುದು. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಅದೊಂದನ್ನೇ ಎಣ್ಣೆಗೆ ಬಿಟ್ಟರೆ ಮಳೆ ಬರುವುದಿಲ್ಲ, ಪಲ್ಯ ಬರುತ್ತದೆ.

ಹೂವಿನದ್ದಲ್ಲದ ಇಂಥ ಸೆಂಟು ಹೊಸ ಕಾಲದ ಹುಚ್ಚು ಅಂದುಕೊಂಡರೆ ತಪ್ಪು. 1882ರಲ್ಲಿ ಪ್ಯಾರಿಸ್ಸಿನ ಊಬಿಗಾಂ ಎಂಬ ಸೆಂಟಿನ ಮನೆಯ ಪಾಲ್ ಪಾರ್ಕೆ 'ಫೂಜೇರ್ ರಾಯಾಲ್' ಮಾಡಿದ. ಫೂಜೇರ್ ಎಂದರೆ ಜರೀಗಿಡ. ಜರೀಗಿಡಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ! ಒಣಹುಲ್ಲಿನ ವಾಸನೆ ಕೊಡುವ ಕೂಮರಿನ್ ಎಂಬ ಹೊಸ ರಾಸಾಯನಿಕ ಹಾಕಿ, ಇಲ್ಲದ ವಾಸನೆಯೊಂದನ್ನು ಇದೆ ಎಂದು ನಂಬಿಸಿದ. ಇಂದಿಗೂ ಗಡ್ಡ ಬೋಳಿಸಿದ ಮೇಲೆ ಹಚ್ಚುವ ಲೋಷನ್‌ಗಳಲ್ಲಿ ಅರ್ಧಕ್ಕರ್ಧ ಅವನ ಮೊಮ್ಮಕ್ಕಳು. ಅದಕ್ಕೂ ಹಿಂದೆ, ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಹದಿನಾರು ದ್ರವ್ಯಗಳನ್ನು ಚೌಕದಲ್ಲಿಟ್ಟು ಲೆಕ್ಕ ಹಾಕಿದ: ನಾಲ್ಕು ನಾಲ್ಕರಂತೆ ಆಯ್ದರೆ 1,820 ಬಗೆ, ಪ್ರಮಾಣ ಬದಲಿಸುತ್ತ ಹೋದರೆ 1,74,720 ಸುಗಂಧ. ಮೂಸಿ ನೋಡುವ ಮೊದಲೇ ಎಣಿಸಿ ಮುಗಿಸಿದ್ದಾನೆ. ಇದಕ್ಕಿಂತ ಅಮೂರ್ತ ಇನ್ನೇನು ಬೇಕು?

ಈ ಸಲ ಮೂಸಿದ ಇನ್ನೆರಡು ಸೆಂಟುಗಳನ್ನು ಬೇಗ ಮುಗಿಸುತ್ತೇನೆ. ಮಾಲಿಕ್ಯೂಲ್ 01, 2006ರದ್ದು, ಜರ್ಮನಿಯ ಗೇಜಾ ಶೋನ್ ಮಾಡಿದ್ದು. ಒಳಗಿರುವುದು ಐಸೊ ಇ ಸೂಪರ್ ಎಂಬ ಒಂದೇ ದ್ರವ್ಯ, ಬೇರೆ ಸೆಂಟುಗಳಿಗೆ ಮೈ ತುಂಬಲು ಹಾಕುವಂಥದ್ದು. ಕೆಲವರ ಮೂಗಿಗೆ ಇದು ಹತ್ತುವುದೇ ಇಲ್ಲ. ಅಮ್ಮ ಮೂರು ಸಲ ಮೂಸಿ "ನೀರು" ಎಂದಳು. ನನಗೆ ಒಮ್ಮೆ ಹೊಸ ಪೆನ್ಸಿಲ್ ಡಬ್ಬಿ, ಮರುಕ್ಷಣ ಏನೂ ಇಲ್ಲ, ಮೆಟ್ರೊ ಬಾಗಿಲು ತೆರೆದಾಗ ಮತ್ತೆ ಪೆನ್ಸಿಲ್. ತಮಾಷೆ ಚೆನ್ನಾಗಿದೆ, ಬೆಲೆ ಹೆಚ್ಚಾಯಿತು.

ಅದೇ ವರ್ಷದ ಸೆಕ್ರೆಸ್ಯೋಂ ಮಾನ್ಯಿಫೀಕ್, ಆಂತ್ವಾನ್ ಲೀ ಅವರ ಕೈಕೆಲಸ, ತಮಾಷೆಯಲ್ಲ. ರಕ್ತ, ಬೆವರು, ಹಾಲು ಎಂದು ಅವರೇ ಹೇಳಿಕೊಂಡಿದ್ದಾರೆ. ನಾಣ್ಯ ಹಿಡಿದ ಅಂಗೈಯ ಕಿಲುಬಿನಿಂದ ಶುರುವಾಗಿ, ಪಾಚಿ ಕಟ್ಟಿದ ಸಮುದ್ರದ ದಡಕ್ಕೆ ಹೋಗಿ, ಅಲ್ಲಿಂದ ಒಡೆಯುವ ಹಂತದ ಹಾಲಿಗೆ ಬಂದು ನಿಂತಿತು. ಹೆಂಡತಿ ಆ ರಾತ್ರಿ ನನ್ನ ಅಂಗಿಯನ್ನು ಬಾಲ್ಕನಿಗೆ ಹಾಕಿದಳು. ಕಸುಬುದಾರಿಕೆಗೆ ಪೂರ್ತಿ ಅಂಕ. ಎರಡನೇ ಸಲ ಮುಚ್ಚಳ ತೆಗೆದಿಲ್ಲ.

ಇವೆಲ್ಲವನ್ನೂ ಮೀರಿಸಿ ನಾನು ಈ ಚಳಿಗೆ ಹಚ್ಚಿಕೊಳ್ಳುವುದು ಶಮಾಮಾ. ಜಟಾಮಾಂಸಿ, ಕಚೋರ, ಲವಂಗ, ಜಾಯಿಕಾಯಿ, ಇನ್ನೂ ಹತ್ತಾರು ಬೇರುನಾರುಗಳನ್ನು ದಿನಗಟ್ಟಲೆ ಭಟ್ಟಿಯಿಳಿಸಿ ಮಾಡುವ ಕಡುಗಪ್ಪು ಅತ್ತರು. ಯಾವುದರ ವಾಸನೆ ಎಂದು ಬೆರಳಿಟ್ಟು ತೋರಿಸಲಾಗದು. ಅದರಲ್ಲೊಂದು ಛಡೀಲಾ, ಅಂದರೆ ನಾವು ಬಿಸಿಬೇಳೆಬಾತಿನ ಪುಡಿಗೆ ಹಾಕುವ ಕಲ್ಲುಹೂವು. ಯುರೋಪಿನ ಹಳೆಯ ದೊಡ್ಡ ಸೆಂಟುಗಳ ತಳದಲ್ಲಿದ್ದದ್ದೂ ಓಕ್ ಮರಕ್ಕೆ ಅಂಟುವ ಇದರ ದಾಯಾದಿಯೇ. ಶಮಾಮಾಕ್ಕೆ ಒಂದೇ ಮಾತು, ಸೊಗಡು.

ಭಾನುವಾರ ಸಂಜೆ ಅಮ್ಮನನ್ನು ವಾಕಿಂಗಿಗೆ ಕರೆದುಕೊಂಡು ಹೋದೆ. ಪಾರ್ಕಿನ ತಿರುವಿನಲ್ಲಿ ಸಪ್ತಪರ್ಣಿ ಅಡ್ಡ ಹಾಕಿತು. "ಅಬ್ಬಾ, ತಲೆ ತಿರುಗ್ತದೆ, ಎಂತ ಹೂವಿದು?" ಎಂದು ಅಮ್ಮ ಮೇಲೆ ನೋಡಿದಳು. ಬೀದಿದೀಪದ ಬೆಳಕಿನಲ್ಲಿ ಕೊಂಬೆಯ ಸುತ್ತ ಏಳೇಳು ಎಲೆ. ಸ್ವಲ್ಪ ಹೊತ್ತು ನಿಂತು, "ಇದು ಪಾಲೆ ಮರ ಅಲ್ವಾ?" ಅಂದಳು.

ಹೌದು, ಅದೇ. ನಮ್ಮ ಕಡೆ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ಮರ. ನಾನು ಇಪ್ಪತ್ತು ವರ್ಷದಿಂದ ಅದರ ಹೂವಿನ ಬಗ್ಗೆ ಬರೆಯುತ್ತಿದ್ದೇನೆ, ಸಪ್ತಪರ್ಣಿ ಸಪ್ತಪರ್ಣಿ ಎಂದು. ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿದ ಮರ ಇದು ಎಂದು ಹೊಳೆದೇ ಇರಲಿಲ್ಲ.

"ನಿನ್ನ ಅಜ್ಜ ಬೆಣಚುಕಲ್ಲು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕ್ತಿದ್ದರು. ಚುಯ್ ಅಂತ ಏಳ್ತಿತ್ತು ನೋಡು ಒಂದು ವಾಸನೆ. ಅದುಂಟಾ ನಿನ್ನ ಶೀಶೆಯಲ್ಲಿ?"

53ರ ಪಟ್ಟಿಯಲ್ಲಿ ನಾನು ನಕ್ಕು ಮಗುಚಿದ ಬಂಡೆ ನೆನಪಾಯಿತು. ಅಮ್ಮ ಉಗುರಿನಲ್ಲಿ ತೊಗಟೆ ಕೆರೆದಳು. ಬಿಳಿ ಹಾಲು ಒಸರಿತು. ಬೆರಳನ್ನು ನನ್ನ ಮೂಗಿಗೆ ಹಿಡಿದಳು.

"ಹಸಿ ವಾಸನೆ," ಅಂದೆ.

"ಹಸಿ ಅಲ್ಲ, ಸರಿ ಮೂಸು. ಕಹಿ."