ಕಾಳಿ ಕಲ್ಲಿಗೆ ಪೂಜೆ ಯಾರು ಮಾಡ್ತಾರೆ?

ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆಯ್ತು. ಕಬ್ಬನ್ ಪಾರ್ಕಿಗೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಟ್ಟಿಲ್ಲ. ಭಾನುವಾರದ ಓಟ, ಟೀಮ್ ಜೊತೆ ಫೋಟೋ, ಒಂದೆರಡು ಸಲ ಸುಮ್ಮನೆ ಬಿದಿರು ಮೆಳೆ ಹತ್ತಿರ ಕೂತು ಮ್ಯಾನೇಜರನ್ನ ಬೈದುಕೊಂಡಿದ್ದು. ಆದರೆ ಅದೇ ಪಾರ್ಕಿನ ಅಂಚಿಗೆ, ಕಸ್ತೂರ್ಬಾ ರಸ್ತೆಯಲ್ಲಿರೋ ಕೆಂಪು ಕಟ್ಟಡದೊಳಕ್ಕೆ, ಅಂದ್ರೆ ಸರ್ಕಾರಿ ಮ್ಯೂಸಿಯಂ ಒಳಕ್ಕೆ ಕಾಲಿಟ್ಟಿದ್ದು ಅಪ್ಪ ಬಂದಾಗಲೇ. ಹೊಗೆಸೊಪ್ಪಿನ ಹರಾಜು ಮುಗಿಸಿ ನಾಲ್ಕು ದಿನ ಇರೋಕೆ ಕಟ್ಟೆಮಳಲವಾಡಿಯಿಂದ ಬಂದಿದ್ದ. ಮಾಲ್ ತೋರಿಸಿದೆ, ಮೆಟ್ರೋ ಹತ್ತಿಸಿದೆ. ಮೂರನೇ ದಿನಕ್ಕೆ ತೋರಿಸೋಕೆ ಏನೂ ಉಳಿದಿರಲಿಲ್ಲ.

ಪಾರ್ಕಲ್ಲಿ ಅಪ್ಪ ಮೊದಲು ನೋಡಿದ್ದು ಮರಗಳನ್ನಲ್ಲ, ಪ್ರತಿಮೆಗಳನ್ನ. ವಿಕ್ಟೋರಿಯಾ ರಾಣಿಯದು 1906ರದ್ದು, ಮಗ ಏಳನೇ ಎಡ್ವರ್ಡನದು 1919ರದ್ದು, ದಿವಾನ್ ಶೇಷಾದ್ರಿ ಅಯ್ಯರ್ ಅವರದು 1913ರದ್ದು. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು ಅಂತ ಹೇಳಿದೆ. "ನಮ್ಮೂರಿಗೆ ಯಾವಾಗ ಬಂತು ಅಂತ ನಂಗೊತ್ತು, ನಡಿ" ಅಂದ. 1870ರಲ್ಲಿ ಸ್ಯಾಂಕಿ ಅನ್ನೋ ಇಂಜಿನಿಯರ್ ಈ ಪಾರ್ಕ್ ಮಾಡಿಸಿದ್ದು, 1927ರಿಂದ ಇದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ ಅಂದಾಗಲೂ ಅಷ್ಟೇ. ತಲೆಯಾಡಿಸಿದ.

ಮ್ಯೂಸಿಯಂ ಶುರುವಾಗಿದ್ದು 1865ರಲ್ಲಿ, ಈಗಿನ ಕಟ್ಟಡ 1877ರದ್ದು. ಒಳಗೆ ನಾನು ಎಲ್ಲರ ಹಾಗೆ ನಡೀತಿದ್ದೆ. ನೋಡಿದ್ದೀನಿ ಅನ್ನಿಸಿಕೊಳ್ಳೋಕೆ ಎಷ್ಟು ಬೇಕೋ ಅಷ್ಟು ಹೊತ್ತು ನಿಂತು, ಮುಂದಕ್ಕೆ. ಅಪ್ಪ ಒಂದು ಕಲ್ಲಿನ ಮುಂದೆ ನಿಂತವನು ಅಲ್ಲಾಡಲಿಲ್ಲ. ಒಂದು ನಾಯಿ, ಒಂದು ಕಾಡುಹಂದಿ, ಎದುರುಬದುರು. ಸುತ್ತ ಹಳೆಗನ್ನಡ ಅಕ್ಷರ.

"ಹಂದಿಗೆ ಎದುರಿಂದ ಬೀಳೋ ನಾಯಿ ಉಳಿಯಕಿಲ್ಲ ಕಣ್ಲಾ. ಇದು ಸತ್ತದೆ."

ನಾಗರಹೊಳೆ ಕಾಡಿನ ಪಕ್ಕದ ತಾಲ್ಲೂಕಿನವನು, ರಾತ್ರಿ ಜೋಳದ ಹೊಲ ಕಾದವನು. ಹಂದಿ ವಿಷಯದಲ್ಲಿ ಅವನ ಮಾತು ಮೀರೋ ಹಾಗಿಲ್ಲ. ಫೋನ್ ತೆಗೆದು ಹುಡುಕಿದೆ. ಅಪ್ಪ ಹೇಳಿದ್ದು ಸರಿ.

ಅದು ಆತಕೂರು ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು, ಸುಮಾರು ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ, ಚೋಳರ ರಾಜಾದಿತ್ಯ ಸತ್ತ. ಬೂತುಗನ ಕಡೆಯ ವೀರ ಮಣಲೇರ. ರಾಜ ಮೆಚ್ಚಿ, ಏನು ಬೇಕೋ ಕೇಳು ಅಂದಾಗ ಇವನು ಕೇಳಿದ್ದು ಊರನ್ನಲ್ಲ, ಬಂಗಾರವನ್ನಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನ! ಆಮೇಲೆ ಬೆಳತೂರಿನ ಹತ್ತಿರ ಕಾಳಿ ಒಂದು ದೊಡ್ಡ ಹಂದಿ ಮೇಲೆ ಬಿತ್ತು. ಎರಡೂ ಸತ್ತವು. ಮಣಲೇರ ದೇವಸ್ಥಾನದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟ. ಅಲ್ಲಿಗೆ ಮುಗಿಯಲಿಲ್ಲ, ಕಲ್ಲಲ್ಲೇ ಷರತ್ತನ್ನೂ ಕೆತ್ತಿಸಿದ: ಆ ಜಾಗ ನೋಡಿಕೊಳ್ಳೋ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ.

ಗೊರವ ಅಂದ್ರೆ ಅಪ್ಪನಿಗೆ ವಿವರಿಸಬೇಕಾಗಲಿಲ್ಲ. ಕರಡಿ ಕೂದಲಿನ ಟೊಪ್ಪಿಗೆ ಹಾಕ್ಕೊಂಡು ಡಮರುಗ ಬಡೀತಾ ಬರೋ ಗೊರವಯ್ಯಂದಿರನ್ನ ನಮ್ಮ ಕಡೆ ಯಾರು ನೋಡಿಲ್ಲ? ಅವನ ಪ್ರಶ್ನೆ ಬೇರೆ ಇತ್ತು.

"ಹಂಗಾರೆ ಈಗ ಇದಕ್ಕೆ ದಿನಾ ಪೂಜೆ ಯಾರು ಮಾಡ್ತಾರೆ? ಆ ಜಮೀನು ಈಗ ಯಾರ ಹೆಸರಲ್ಲದೆ?"

ಪಹಣಿ ತೆಗೆಸೋಕೆ ಆಗಲ್ಲ ಅಂದೆ. ನಕ್ಕ. ಮೊದಲನೇ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ತಕರಾರು ಶುರುವಾಗೋದು ಇಲ್ಲಿಂದ. ಇದು ಯಾವುದೋ ಒಂದು ಕಚೇರಿ ಬಗ್ಗೆ ಅಲ್ಲ, ಮ್ಯೂಸಿಯಂ ಅನ್ನೋ ಏರ್ಪಾಡಿನ ಬಗ್ಗೆ. ಅದಕ್ಕೆ ಗೊತ್ತಿರೋ ಪ್ರಶ್ನೆ ಮೂರೇ: ಯಾವ ರಾಜವಂಶ, ಯಾವ ಶತಮಾನ, ಸಿಕ್ಕಿದ್ದು ಎಲ್ಲಿ. ಆತಕೂರು ಕಲ್ಲಿಗೆ ಈ ಮೂರಕ್ಕೂ ಉತ್ತರ ಇದೆ. ಇತಿಹಾಸಕಾರರಿಗೂ ಅದು ಮುಖ್ಯ ಆಗಿದ್ದು ತಕ್ಕೋಲದ ಯುದ್ಧದ ಸಾಕ್ಷಿ ಅಂತ. ಆದರೆ ಕಲ್ಲು ನಿಲ್ಲಿಸಿದವನ ಮನಸ್ಸಲ್ಲಿ ಇದ್ದದ್ದು ನಾಯಿ. ಯುದ್ಧ ಅದಕ್ಕೆ ಪೀಠಿಕೆ ಅಷ್ಟೇ. ಹೊರಗೆ ಪಾರ್ಕಲ್ಲಿ ರಾಣಿಗೆ, ರಾಜನಿಗೆ, ದಿವಾನರಿಗೆ ಪ್ರತಿಮೆ. ಒಳಗೆ, ಅದಕ್ಕಿಂತ ಒಂಬತ್ತೂವರೆ ಶತಮಾನ ಹಿಂದೆ, ಒಂದು ನಾಯಿಗೆ ಸ್ಮಾರಕ. ವೀರಗಲ್ಲು ಅಂದರೇನೇ ಹಾಗೆ ಅಲ್ವಾ, ದನ ಹೊಡ್ಕೊಂಡು ಹೋಗೋರನ್ನ ತಡೆದು ಸತ್ತ ಸಾಮಾನ್ಯನಿಗೂ ನಮ್ಮೂರುಗಳು ಕಲ್ಲು ನಿಲ್ಲಿಸಿದ್ದಾವೆ. ಇಷ್ಟು ದೊಡ್ಡ ವಿಷಯ ಹತ್ತು ಹೆಜ್ಜೆ ಅಂತರದಲ್ಲಿದ್ದೂ ಹನ್ನೊಂದು ವರ್ಷ ನನಗೆ ಗೊತ್ತಾಗಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಕಪ್ ಭದ್ರವಾಗಿದೆ, ಸರ್ವೀಸ್ ನಿಂತುಹೋಗಿದೆ. ಮಣಲೇರ ಕಲ್ಲಲ್ಲಿ ಕೆತ್ತಿಸಿದ್ದು ಒಂದು ಎಸ್ಎಲ್ಎ. ದಿನಾ ಒಬ್ಬ ಈ ಕಲ್ಲಿನ ಮುಂದೆ ನಿಲ್ಲಬೇಕು, ಆಮೇಲೆ ಊಟ. ಅರಿಶಿನ ಕುಂಕುಮ ಹಚ್ಚಿ ಅಂತ ನಾನು ಹೇಳ್ತಿಲ್ಲ, ಎಣ್ಣೆ ಸುರಿದು ಅಕ್ಷರ ಮುಚ್ಚಿಹೋದ ಕಲ್ಲುಗಳನ್ನ ಕಂಡಿದ್ದೀನಿ. ದಿನಕ್ಕೊಂದು ಸಲ ಯಾರಾದ್ರೂ ಆ ಶಾಸನವನ್ನ ಗಟ್ಟಿಯಾಗಿ ಓದಿ, ಈಗಿನ ಕನ್ನಡದಲ್ಲಿ ಕತೆ ಹೇಳಲಿ. ಕೇಳೋಕೆ ಇಬ್ಬರೇ ಇದ್ದರೂ ಪರವಾಗಿಲ್ಲ. ಅದಕ್ಕೆ ಹೊಸ ಕಟ್ಟಡ ಬೇಡ, ಟಚ್ ಸ್ಕ್ರೀನ್ ಅಂತೂ ಬೇಡವೇ ಬೇಡ.

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಬಿ. ಎಲ್. ರೈಸ್ ಅಂಥವರು ಊರೂರು ಅಲೆದು ಶಾಸನ ಓದಿಸಿ ಅಚ್ಚು ಹಾಕಿಸದಿದ್ದರೆ ಕಾಳಿ ಹೆಸರು ನನ್ನ ಫೋನಿಗೆ ಎಲ್ಲಿಂದ ಬರ್ತಿತ್ತು? ಬಯಲಲ್ಲಿ ಬಿಟ್ಟ ಕಲ್ಲು ಬಟ್ಟೆ ಒಗೆಯೋ ಕಲ್ಲಾಗೋದು, ಮೆಟ್ಟಿಲಾಗೋದು ಏನು ಹೊಸದಲ್ಲ.

ಇದು ನಮ್ಮ ಮನೆ ಜಗಳವೂ ಹೌದು. ನಮ್ಮ ಹೊಲದ ದಾರೀಲಿ ಅರ್ಧ ಹೂತಿರೋ ಒಂದು ವೀರಗಲ್ಲಿದೆ. ಕತ್ತಿ ಹಿಡಿದವನೊಬ್ಬ, ಮೇಲೆ ಅವನನ್ನ ಕರ್ಕೊಂಡು ಹೋಗೋ ಅಪ್ಸರೆಯರು. ಅಕ್ಷರ ಇಲ್ಲ. ದಾರಿ ಅಗಲ ಮಾಡೋ ಮಾತು ಬಂದಾಗ "ಮ್ಯೂಸಿಯಂಗೆ ಕೊಟ್ಟುಬಿಡಿ, ಅಲ್ಲಾದ್ರೂ ಉಳಿಯುತ್ತೆ" ಅಂತ ಊರವರ ಮುಂದೆ ವಾದ ಮಾಡಿದ್ದವನು ನಾನೇ. ಅಪ್ಪ ಆಗ ಏನೂ ಅಂದಿರಲಿಲ್ಲ.

ಆಟೋದಲ್ಲಿ ವಾಪಸ್ ಬರುವಾಗ ಕೇಳಿದೆ, "ಏನಂತೀಯಪ್ಪ, ನಮ್ಮ ಕಲ್ಲು ಕೊಡೋಣ್ವಾ?"

"ಅದಕ್ಕೆ ಬರೆದಿಲ್ವಲ್ಲ, ಇಲ್ಲಿಗೆ ತಂದ್ರೆ ಅವನ್ಯಾರು ಅಂತ ಏನ್ ಹೇಳ್ತಾರೆ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಮಗೂ ಗೊತ್ತಿಲ್ಲ ಬಿಡು" ಅಂದ.

ಹೋದ ತಿಂಗಳು ಫೋನ್ ಮಾಡಿದಾಗ ಜೆಸಿಬಿಯವನಿಗೆ ಹೇಳಿ ಕಲ್ಲನ್ನ ನಾಲ್ಕಡಿ ಒಳಕ್ಕೆ, ನಮ್ಮ ಬದುವಿಗೆ ಸರಿಸಿ ನಿಲ್ಲಿಸಿದ್ದೀನಿ ಅಂದ. ಬೇಸಾಯಕ್ಕೆ ಅಷ್ಟು ಜಾಗ ಕಮ್ಮಿ ಆಯ್ತಂತೆ.