ನಿಘಂಟಿನ ಪ್ರಯೋಗವಾಕ್ಯಗಳೂ ‘ಟೆಸ್’ ಕಾದಂಬರಿಯ ಪಾಠಗಳೂ

ನಿಘಂಟಿನಲ್ಲಿ ಉದಾಹರಿಸುವ ವಾಕ್ಯವು ಅಲಂಕಾರಕ್ಕಾಗಿ ಬಂದುದಲ್ಲ; ಅದು ಸಾಕ್ಷಿ. ಶಬ್ದವೊಂದು ಇಂಥ ಕಾಲದಲ್ಲಿ ಇಂಥ ಅರ್ಥದಲ್ಲಿ ಬಳಕೆಯಲ್ಲಿದ್ದಿತೆಂಬುದು ಅದರಿಂದ ಸಿದ್ಧವಾಗಬೇಕು. 1857ರಲ್ಲಿ ಟ್ರೆಂಚನು ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯ ಮುಂದೆ ಅಂದಿನ ನಿಘಂಟುಗಳ ನ್ಯೂನತೆಗಳನ್ನು ಎತ್ತಿ ತೋರಿಸಿದಂದಿನಿಂದ 1928ರಲ್ಲಿ ಆಕ್ಸ್‌ಫರ್ಡ್ ಮಹಾನಿಘಂಟು ಮುಗಿಯುವವರೆಗೂ ವಾಚಕರು ಚೀಟಿಗಳ ಮೇಲೆ ಬರೆದು ಕಳುಹಿಸಿದ ವಾಕ್ಯಗಳೇ ಆ ಮಹಾಕಾರ್ಯಕ್ಕೆ ತಳಹದಿಯಾದುವು. ಆ ನಿಘಂಟು 2000ದಲ್ಲಿ ಅಂತರ್ಜಾಲವನ್ನು ಸೇರಿತು. 2002ರ ಡಿಸೆಂಬರಿನಲ್ಲಿ ಆರಂಭವಾದ ವಿಕ್ಷನರಿಯು ಹುಟ್ಟಿದುದೇ ಅಲ್ಲಿ. ಬಳಕೆ ಸರ್ವವಿದಿತವಲ್ಲದ ಇಂಗ್ಲಿಷ್ ಶಬ್ದಕ್ಕೆ, ಒಂದು ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಹರಡಿರುವ, ಪರಸ್ಪರ ಸ್ವತಂತ್ರವಾದ ಮೂರು ಪ್ರಯೋಗಗಳನ್ನು ತೋರಿಸಬೇಕೆಂಬುದು ಈ ಎರಡನೆಯದರ ನಿಯಮ. ಹೀಗಿರಲು, ಪ್ರಯೋಗದ ಪಕ್ಕದಲ್ಲಿರುವ ವರ್ಷವೇ ತಪ್ಪಾದರೆ ಸಾಕ್ಷ್ಯವು ಕೆಟ್ಟಂತೆಯೇ ಸರಿ.

ವಿಕ್ಟೋರಿಯಾ ಕಾಲದ ಕಾದಂಬರಿಗಳು ಇಂದು ಯಾರ ಹಕ್ಕಿಗೂ ಒಳಪಟ್ಟಿಲ್ಲ. ಬೇಕಾದ ಶಬ್ದವನ್ನು ಕ್ಷಣದಲ್ಲಿ ಹುಡುಕಿ ತೆಗೆಯಬಹುದು. ತೊಡಕು ಇರುವುದೂ ಈ ಸೌಕರ್ಯದಲ್ಲಿಯೇ. ಸಂಗ್ರಾಹಕನು ನೋಡುವ ಪಾಠ ಒಂದು, ಬರೆಯುವ ವರ್ಷ ಇನ್ನೊಂದು.

ಹಾರ್ಡಿಯ ‘ಟೆಸ್ ಆಫ್ ದಿ ಡರ್ಬರ್‌ವಿಲ್ಸ್’ ಇದಕ್ಕೆ ತಕ್ಕ ನಿದರ್ಶನ. 1891ರ ಜುಲೈಯಿಂದ ಡಿಸೆಂಬರಿನವರೆಗೆ ಅದು ‘ಗ್ರಾಫಿಕ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಅದೇ ವರ್ಷದ ಕೊನೆಯಲ್ಲಿ ಮೂರು ಸಂಪುಟಗಳ ಗ್ರಂಥವೂ ಹೊರಬಿದ್ದಿತು. ವರ್ಷ ಒಂದೇ, ಪಾಠ ಒಂದೇ ಅಲ್ಲ. ಗ್ರಂಥದಲ್ಲಿ ಏಂಜೆಲನು ನೀರು ತುಂಬಿದ ಹಾದಿಯಲ್ಲಿ ಗೊಲ್ಲತಿಯರನ್ನು ತೋಳುಗಳಲ್ಲಿ ಎತ್ತಿಕೊಂಡು ದಾಟಿಸುತ್ತಾನೆ. ಪತ್ರಿಕೆಯಲ್ಲಿಯಾದರೋ, ಓದುಗರ ಮರ್ಯಾದೆಗೆ ಭಂಗ ಬಾರದಂತೆ, ಒಂಟಿಚಕ್ರದ ಕೈಗಾಡಿಯಲ್ಲಿ ಕೂರಿಸಿ ತಳ್ಳುತ್ತಾನೆ! ಆ ಗಾಡಿಯ ಹೆಸರಿಗೆ ಪತ್ರಿಕೆಯ ಈ ವಾಕ್ಯವನ್ನು ಪ್ರಯೋಗವಾಗಿ ಕೊಟ್ಟು, ಆಧಾರವೆಂದು ಮೂರು ಸಂಪುಟಗಳ ಗ್ರಂಥವನ್ನು ಹೆಸರಿಸಿದರೆ, ಅಲ್ಲಿ ಹುಡುಕುವವನಿಗೆ ಗಾಡಿ ಸಿಕ್ಕದು.

ಇದು ವಿನೋದದ ಮಾತಾಯಿತು. ಎಲ್ಲರೂ ಬಲ್ಲ ಶಬ್ದಕ್ಕೆ ಇಂಥ ತಪ್ಪಿನಿಂದ ಹೆಚ್ಚು ಹಾನಿಯಿಲ್ಲ. ‘ಸ್ಕ್ರಾಫ್’ ಎಂಬ ಪ್ರಾಂತೀಯ ಶಬ್ದದ ವಿಷಯ ಹಾಗಲ್ಲ. ಇಂದು ಪ್ರಚಾರದಲ್ಲಿರುವ ಪಾಠದ ಹತ್ತನೆಯ ಅಧ್ಯಾಯದಲ್ಲಿ, ಉಗ್ರಾಣವೊಂದರಲ್ಲಿ ಹಳ್ಳಿಗರು ಕುಣಿಯುವಾಗ, ಅವರ ಪಾದರಕ್ಷೆಗಳನ್ನು ಮುಚ್ಚುವಷ್ಟು ಬಿದ್ದಿದ್ದ ಉರುವಲುಮಣ್ಣು ಮೊದಲಾದುವುಗಳ ಪುಡಿಗೆ ಈ ಹೆಸರು ಬರುತ್ತದೆ. ಹಾರ್ಡಿಯು ಅರ್ಥವನ್ನೂ ಅಲ್ಲಿಯೇ ಹೇಳಿದ್ದಾನೆ. ನಿಘಂಟುಕಾರನಿಗೆ ಇದಕ್ಕಿಂತ ಒಳ್ಳೆಯ ವಾಕ್ಯ ದೊರೆಯುವುದು ಕಷ್ಟ. ಆದರೆ ಆ ಕುಣಿತದ ಪುಟಗಳು 1891ರ ಗ್ರಂಥದಲ್ಲಿಲ್ಲ. ಆ ಪ್ರಸಂಗವು ಆ ವರ್ಷದ ನವೆಂಬರಿನಲ್ಲಿ ‘ನ್ಯಾಷನಲ್ ಅಬ್ಸರ್ವರ್’ ಪತ್ರಿಕೆಯಲ್ಲಿ ಪ್ರತ್ಯೇಕವಾದ ಚಿತ್ರವಾಗಿ ಅಚ್ಚಾಗಿದ್ದಿತು. ಕಾದಂಬರಿಯೊಳಕ್ಕೆ ಅದು ಬಂದುದು 1912ರ ವೆಸೆಕ್ಸ್ ಆವೃತ್ತಿಯಲ್ಲಿ. ಹಿಂದಿನ ಯಾವ ಆವೃತ್ತಿಯಲ್ಲಿಯೂ ಇಲ್ಲದ ಕೆಲವು ಪುಟಗಳು ಇದರಲ್ಲಿವೆಯೆಂದು ಗ್ರಂಥಕರ್ತನೇ ಆಗ ತಿಳಿಸಿದ್ದಾನೆ. ಆದುದರಿಂದ ಪತ್ರಿಕೆಯನ್ನು ಕಣ್ಣಾರೆ ನೋಡದವನು ಈ ವಾಕ್ಯಕ್ಕೆ 1912 ಎಂದೇ ಬರೆಯತಕ್ಕದ್ದು. 1891 ಎಂದು ಬರೆದವನು ಅಪರೂಪದ ಶಬ್ದವೊಂದರ ಚರಿತ್ರೆಗೆ ಇಪ್ಪತ್ತೊಂದು ವರ್ಷಗಳನ್ನು ಆಧಾರವಿಲ್ಲದೆ ಸೇರಿಸಿದಂತಾಗುವುದು.

ನಮ್ಮ ಚಂಪೂಕಾವ್ಯಗಳಿಗೆ ಆಶ್ವಾಸವನ್ನೂ ಪದ್ಯದ ಸಂಖ್ಯೆಯನ್ನೂ ಹೇಳಿದರೆ ಸ್ಥಳನಿರ್ದೇಶ ಮುಗಿಯಿತು. ಗದ್ಯಕ್ಕೆ ಆ ಭಾಗ್ಯವಿಲ್ಲ. ಪುಟಸಂಖ್ಯೆಯು ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ. ಅಧ್ಯಾಯವೂ ಸಂಪೂರ್ಣವಾಗಿ ನಂಬತಕ್ಕದ್ದಲ್ಲ. ‘ಜೇನ್ ಐರ್’ ಕಾದಂಬರಿಯ 1847ರ ಆವೃತ್ತಿಯಲ್ಲಿ ಪ್ರತಿ ಸಂಪುಟಕ್ಕೂ ಅಧ್ಯಾಯಗಳು ಹೊಸದಾಗಿ ಆರಂಭವಾಗುತ್ತವೆ. ಅಲ್ಲಿಯ ಎರಡನೆಯ ಸಂಪುಟದ ಮೊದಲನೆಯ ಅಧ್ಯಾಯವೇ ಒಂದೇ ಸಂಪುಟದ ಮುದ್ರಣಗಳ ಹದಿನಾರನೆಯದು. ಹೀಗಾಗಿ ಯಾವ ಮುದ್ರಣವನ್ನು ನೋಡಿದುದೆಂಬುದನ್ನು ಹೇಳದೆ ಗತಿಯಿಲ್ಲ. ಮೊದಲು ಪ್ರಕಟವಾದ ವರ್ಷ, ನೋಡಿದ ಆವೃತ್ತಿಯ ವರ್ಷ, ಇವೆರಡನ್ನೂ ಕೊಡುವುದಕ್ಕೆ ಹಿಂದೆ ಸ್ಥಳಾಭಾವದ ನೆಪವಿದ್ದಿತು. ಅಂತರ್ಜಾಲದ ನಿಘಂಟಿಗೆ ಕಾಗದದ ವೆಚ್ಚವಿಲ್ಲ. ಹಳೆಯ ಮುದ್ರಣಗಳ ಪುಟಗಳ ಛಾಯಾಪ್ರತಿಗಳೂ ಅನೇಕವಾಗಿ ಅಲ್ಲಿಯೇ ದೊರೆಯುತ್ತವೆ.

ಮಾತು ಯಾರದೆಂಬುದೂ ವಿಚಾರಾರ್ಹ. ಟೆಸ್ಸಳು ಮನೆಯಲ್ಲಿ ಬಹುಮಟ್ಟಿಗೆ ಪ್ರಾಂತ್ಯದ ನುಡಿಯನ್ನೂ ಹೊರಗೆ ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೂ ಆಡುವಳೆಂದು ಪ್ರಚಲಿತ ಪಾಠದ ಮೂರನೆಯ ಅಧ್ಯಾಯವು ಹೇಳುತ್ತದೆ. ಒಬ್ಬಳ ಬಾಯಿಯಲ್ಲಿಯೇ ಎರಡು ಭಾಷೆಗಳಿರುವಾಗ, ಅವಳ ತಾಯಿಯ ಮಾತನ್ನು ಕತ್ತರಿಸಿ ತೆಗೆದು ಕೆಳಗೆ ‘ಹಾರ್ಡಿ’ ಎಂದಷ್ಟೇ ಬರೆದರೆ, ಓದುವವನು ಅದನ್ನು ಗ್ರಂಥಕರ್ತನ ನುಡಿಯೆಂದೇ ತಿಳಿಯುತ್ತಾನೆ. ಆಡಿದವರ ಹೆಸರನ್ನು ಒಂದು ಪದದಲ್ಲಿ ಸೂಚಿಸಿದರೂ ಸಾಕು.